ಇಪ್ಪತ್ತು ತುಂಬುವ ತನಕ

1921ರ ನವೆಂಬರ್ 11ರಂದು ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್ ರುದ್ರಭೂಮಿಯಲ್ಲಿ ಹೆಸರು ತಿಳಿಯದ ಒಬ್ಬ ಸೈನಿಕನನ್ನು ಮಣ್ಣು ಮಾಡಿದರು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ನೆಲದಲ್ಲಿ ಸತ್ತು ಗುರುತೇ ಸಿಗದೆ ಹೋದ ಅಮೆರಿಕದ ಎಲ್ಲ ಸೈನಿಕರ ಪರವಾಗಿ ಅವನಿಗೊಬ್ಬನಿಗೆ ಅಂದು ಆ ಮರ್ಯಾದೆ ಸಂದಿತು. ಸೇನಾಧಿಪತಿ ಜಾನ್ ಪರ್ಶಿಂಗ್ ಸಂಸತ್ ಭವನದಿಂದ ಆರ್ಲಿಂಗ್ಟನ್‌ವರೆಗೆ ಶವದ ಗಾಡಿಯ ಹಿಂದೆ ನಡೆದೇ ಬಂದರು. ಪೆಟ್ಟಿಗೆಯನ್ನು ಹೊರಲು ಭೂಸೇನೆ, ನೌಕಾಪಡೆ, ಮೆರೀನ್ ದಳಗಳಿಂದ ಎಂಟು ಮಂದಿಯನ್ನು ಆರಿಸಿದ್ದರು. ಎಂಟೂ ಜನ ಅಧಿಕಾರಿಗಳಿಗಿಂತ ಕೆಳಗಿನ ದರ್ಜೆಯವರು, ಯುದ್ಧದಲ್ಲಿ ಹೆಸರು ಮಾಡಿದವರು. ಅವರಲ್ಲಿ ಪದಾತಿ ದಳದ ಪರವಾಗಿ ಬಂದಿದ್ದ ಸಾರ್ಜೆಂಟ್ ಸ್ಯಾಮ್ಯುಯೆಲ್ ವುಡ್‌ಫಿಲ್, ಎರಡು ವರ್ಷಗಳ ಹಿಂದೆ ಅದೇ ಸೇನೆಯಲ್ಲಿ ಕ್ಯಾಪ್ಟನ್ ಆಗಿದ್ದರು.

ಅವರನ್ನು ಯಾರೂ ಶಿಕ್ಷೆಯಾಗಿ ಕೆಳಗಿಳಿಸಿರಲಿಲ್ಲ. ತಾವಾಗಿಯೇ ಇಳಿದು ಬಂದಿದ್ದರು. ಕಾರಣ ಪಿಂಚಣಿ.

ವುಡ್‌ಫಿಲ್ ಇಂಡಿಯಾನಾದ ಮ್ಯಾಡಿಸನ್ ಎಂಬ ಊರಿನ ಹತ್ತಿರ 1883ರಲ್ಲಿ ಹುಟ್ಟಿದವರು. 1901ರಲ್ಲಿ ಸಿಪಾಯಿಯಾಗಿ ಸೇನೆ ಸೇರಿ ಫಿಲಿಪ್ಪೀನ್ಸ್‌ನಲ್ಲಿ ಕಾದಿದರು, ಅಲಾಸ್ಕಾದ ಹಿಮದಲ್ಲಿ ವರ್ಷಗಟ್ಟಲೆ ಕಳೆದರು, ಮೆಕ್ಸಿಕೋ ಗಡಿಯಲ್ಲಿ ಕಾವಲು ನಿಂತರು. 1917ರಲ್ಲಿ ಅಮೆರಿಕ ಯುದ್ಧಕ್ಕಿಳಿದಾಗ ಸೇನೆ ಒಮ್ಮೆಲೇ ಹಲವು ಪಟ್ಟು ಬೆಳೆಯಬೇಕಾಯಿತು. ಹೊಸ ಹುಡುಗರನ್ನು ಮುನ್ನಡೆಸಲು ಅಧಿಕಾರಿಗಳು ಸಾಲದೆ, ಪಳಗಿದ ಸಾರ್ಜೆಂಟ್‌ಗಳಿಗೆ ತಾತ್ಕಾಲಿಕ ಕಮಿಷನ್, ಅಂದರೆ ಅಧಿಕಾರಿ ಪದವಿ, ಕೊಟ್ಟು ಲೆಫ್ಟಿನೆಂಟ್‌ಗಳನ್ನಾಗಿ ಮಾಡಿದರು. ವುಡ್‌ಫಿಲ್ ಅವರಲ್ಲಿ ಒಬ್ಬರು. 1918ರ ಅಕ್ಟೋಬರ್ 12ರಂದು, ಮ್ಯೂಸ್–ಆರ್ಗಾನ್ ಕಾಳಗದಲ್ಲಿ, ಕ್ಯೂನೆಲ್ ಎಂಬ ಹಳ್ಳಿಯ ಹತ್ತಿರ ದಟ್ಟ ಮಂಜಿನ ನಡುವೆ ಅವರ ಕಂಪನಿಯ ಮೇಲೆ ಮೆಷಿನ್ ಗನ್ನುಗಳು ಗುಂಡಿನ ಮಳೆ ಸುರಿಸಿದವು. ಅವರು ಮುಂದೆ ನುಗ್ಗಿ ಒಂದಾದ ಮೇಲೊಂದರಂತೆ ಗನ್ನುಗಳ ಬಾಯಿ ಮುಚ್ಚಿಸಿದರು. ಮೊದಲು ರೈಫಲ್, ಆಮೇಲೆ ಪಿಸ್ತೂಲು, ಅದೂ ಕೈಕೊಟ್ಟಾಗ ಕಂದಕದಲ್ಲಿ ಸಿಕ್ಕಿದ ಗುದ್ದಲಿ. ಅಮೆರಿಕದ ಅತ್ಯುನ್ನತ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಅವರಿಗೆ ಸಂದಿತು. ಆ ಯುದ್ಧದ ಅಪ್ರತಿಮ ಸೈನಿಕನೆಂದು ಪರ್ಶಿಂಗ್ ಅವರು ಕೊಂಡಾಡಿದ್ದು ಇವರನ್ನೇ.

ಯುದ್ಧ ಮುಗಿಯಿತು. ಸೇನೆ ಹಳೆಯ ಗಾತ್ರಕ್ಕೆ ಕುಗ್ಗಿತು. ತಾತ್ಕಾಲಿಕ ಕಮಿಷನ್ನಿನ ಅವಧಿ ತೀರಿತು. 1919ರಲ್ಲಿ ಕ್ಯಾಪ್ಟನ್ ವುಡ್‌ಫಿಲ್ ಬಿಡುಗಡೆಯಾಗಿ ಹೊರಬಂದಾಗ ಹದಿನೆಂಟು ವರ್ಷಗಳ ಸೇವೆ ಬೆನ್ನ ಹಿಂದೆ ಇತ್ತು, ಪಿಂಚಣಿ ಮಾತ್ರ ಕೈಗೆ ಬಂದಿರಲಿಲ್ಲ. ಅದೇ ವರ್ಷ ಅವರು ಮತ್ತೆ ಸಾರ್ಜೆಂಟ್ ಆಗಿ ಸೇನೆಗೆ ಸೇರಿದರು. ಪದಾತಿ ದಳದ ಪರವಾಗಿ ಪರ್ಶಿಂಗ್ ಆರಿಸಿದ್ದು ಈ ಸಾರ್ಜೆಂಟನನ್ನು. ಆರ್ಲಿಂಗ್ಟನ್ನಿನ ಆ ದಿನದ ಮರುವರ್ಷವೇ ಅವರು ರಜೆ ಹಾಕಿ ಒಹಾಯೋ ನದಿಯ ಅಣೆಕಟ್ಟಿನ ಕಾಮಗಾರಿಯಲ್ಲಿ ಬಡಗಿ ಕೆಲಸ ಮಾಡಿದರು. ಮನೆಯ ಸಾಲದ ಕಂತು ಕಟ್ಟಬೇಕಿತ್ತು, ಸಾರ್ಜೆಂಟನ ಸಂಬಳ ಅದಕ್ಕೆ ಸಾಲುತ್ತಿರಲಿಲ್ಲ. ಈ ಸುದ್ದಿ ಹೊರಗೆ ಬಂದಾಗ ದೇಶ ಒಂದಿಷ್ಟು ನಾಚಿಕೊಂಡಿತು, ಚಂದಾ ಎತ್ತಿತು. 1923ರಲ್ಲಿ ಅವರಿಗೆ ಪಿಂಚಣಿ ದಕ್ಕಿತು.

ವುಡ್‌ಫಿಲ್ ಅವರ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಗುದ್ದಲಿಯ ಪ್ರಸಂಗವಲ್ಲ, 1919ರ ಆ ನಿರ್ಧಾರ. ಮೆಡಲ್ ಆಫ್ ಆನರ್ ಪಡೆದ ಕ್ಯಾಪ್ಟನ್ ಒಬ್ಬರು ನೇಮಕಾತಿ ಕಚೇರಿಯ ಮೇಜಿನ ಮುಂದೆ ನಿಂತು ಸಾರ್ಜೆಂಟನ ಕಾಗದಕ್ಕೆ ಸಹಿ ಹಾಕುವುದು. ಅದನ್ನು ಅವಮಾನವೆಂದು ಓದುವವರು ಬಹಳ. ನಾನು ಹಾಗೆ ಓದಲಾರೆ. ಏಕೆಂದರೆ ಅದೇ ಕೆಲಸ ಮಾಡಿದ ಒಬ್ಬರನ್ನು, ಅದಕ್ಕಿಂತ ಹೆಚ್ಚಾಗಿ ಅವರ ಹೆಂಡತಿಯನ್ನು, ನಾನು ಹತ್ತಿರದಿಂದ ಬಲ್ಲೆ.

ನನ್ನ ಗಂಡನ ಕೆಲಸದ ದೆಸೆಯಿಂದ ನಾವು ಕೆಲವು ವರ್ಷ ನಾರ್ತ್ ಕೆರೊಲಿನಾದ ಫೇಯೆಟ್‌ವಿಲ್‌ನಲ್ಲಿ ಇದ್ದೆವು. ಅದು ಸೈನಿಕರ ಊರು, ಫೋರ್ಟ್ ಬ್ರ್ಯಾಗ್ ಅದರ ಬಗಲಲ್ಲೇ ಇದೆ. ಪಕ್ಕದ ಮನೆಯಲ್ಲಿ ಎಪ್ಪತ್ತರ ಅಂಚಿನ ದಂಪತಿ ಇದ್ದರು. ಆತ 1959ರಲ್ಲಿ ಹದಿನೆಂಟನೆಯ ವಯಸ್ಸಿನಲ್ಲಿ ಸಿಪಾಯಿಯಾಗಿ ಸೇರಿ, ಸಾರ್ಜೆಂಟ್ ಆಗಿ, 1966ರಲ್ಲಿ ಜಾರ್ಜಿಯಾದ ಫೋರ್ಟ್ ಬೆನಿಂಗ್‌ನ ಅಧಿಕಾರಿ ತರಬೇತಿ ಶಾಲೆಯಿಂದ ಲೆಫ್ಟಿನೆಂಟ್ ಆಗಿ ಹೊರಬಿದ್ದವರು. ವಿಯೆಟ್ನಾಮಿಗೆ ಎರಡು ಸಲ ಹೋಗಿ ಬಂದು ಕ್ಯಾಪ್ಟನ್ ಆಗಿದ್ದರು. 1975ರಲ್ಲಿ ಮನೆಗೆ ಕಾಗದ ಬಂತು: ನಿಮ್ಮ ಸೇವೆ ಇನ್ನು ಬೇಕಾಗಿಲ್ಲ.

ಆ ಕಾಲದ ಲೆಕ್ಕ ನೋಡಿದರೆ ಅಂಥ ಕಾಗದಗಳು ಏಕೆ ಹೊರಟವು ಎಂಬುದು ತಿಳಿಯುತ್ತದೆ. 1968ರಲ್ಲಿ ಅಮೆರಿಕದ ಭೂಸೇನೆಯಲ್ಲಿ 15 ಲಕ್ಷಕ್ಕೂ ಹೆಚ್ಚು ಜನ ಇದ್ದರು. 1974ರ ಹೊತ್ತಿಗೆ ಅದು 8 ಲಕ್ಷಕ್ಕಿಂತ ಕೆಳಗಿಳಿದಿತ್ತು. ಸಿಪಾಯಿಗಳನ್ನು ಕಡಿಮೆ ಮಾಡುವುದು ಸುಲಭ, ಕಡ್ಡಾಯ ಸೇವೆಯ ಅವಧಿ ಮುಗಿದವರು ಮನೆಗೆ ಹೋಗುತ್ತಾರೆ. ಅಧಿಕಾರಿಗಳ ವಿಷಯ ಹಾಗಲ್ಲ. ಅಲ್ಲಿ ಆಗ ಎರಡು ಬಗೆಯ ಕಮಿಷನ್ ಇತ್ತು. ರೆಗ್ಯುಲರ್ ಕಮಿಷನ್ ಇದ್ದವರಿಗೆ ಕಾನೂನಿನ ರಕ್ಷಣೆ ಗಟ್ಟಿ. ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಿಂದ ಬಂದವರು ಸಾಮಾನ್ಯವಾಗಿ ಆ ಗುಂಪಿನವರು. ರಿಸರ್ವ್ ಕಮಿಷನ್ ಇದ್ದವರೂ ಪೂರ್ಣಾವಧಿ ಸೇವೆಯಲ್ಲೇ ಇರುತ್ತಿದ್ದರು, ಅದೇ ಸಮವಸ್ತ್ರ, ಅದೇ ಯುದ್ಧ. ಆದರೆ ಬೇಡವಾದ ದಿನ ಅವರನ್ನು ಕಳುಹಿಸಿಬಿಡಬಹುದಿತ್ತು. ಸಿಪಾಯಿ ದರ್ಜೆಯಿಂದ ಮೇಲೆ ಬಂದವರಲ್ಲಿ ಹೆಚ್ಚಿನವರ ಕೈಯಲ್ಲಿ ಇದ್ದದ್ದು ಈ ಎರಡನೆಯದು. ಪಡೆ ಇಳಿಕೆ ಎಂಬುದರ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ ಸೈನಿಕರು ‘ರಿಫ್’ ಎನ್ನುತ್ತಿದ್ದರು. ನಮ್ಮ ನೆರೆಮನೆಯವರು ಇಂದಿಗೂ ‘ನಾನು ರಿಫ್ ಆದ ವರ್ಷ’ ಎಂದೇ ಮಾತು ಆರಂಭಿಸುತ್ತಾರೆ.

ಇಲ್ಲಿ ಇಪ್ಪತ್ತು ವರ್ಷದ ಗೆರೆಯ ಬಗ್ಗೆ ಹೇಳಲೇಬೇಕು, ಇಲ್ಲದಿದ್ದರೆ ಈ ಜನ ಮಾಡಿದ್ದು ಹುಚ್ಚಾಟದಂತೆ ಕಾಣುತ್ತದೆ. ಅಮೆರಿಕದ ಸೇನೆಯಲ್ಲಿ 20 ವರ್ಷ ಸಕ್ರಿಯ ಸೇವೆ ಮುಗಿಸಿದವರಿಗೆ, ವರ್ಷಕ್ಕೆ ಶೇಕಡಾ 2.5ರ ಲೆಕ್ಕದಲ್ಲಿ, ಮೂಲ ವೇತನದ ಅರ್ಧದಷ್ಟು ಪಿಂಚಣಿ ಸಿಗುತ್ತಿತ್ತು. ಅದೂ ಅರವತ್ತು ತುಂಬುವ ತನಕ ಕಾಯದೆ, ನಿವೃತ್ತಿಯಾದ ತಿಂಗಳಿನಿಂದಲೇ, ಸಾಯುವ ತನಕ. ಹತ್ತೊಂಬತ್ತು ವರ್ಷಕ್ಕೆ ಹೊರಬಿದ್ದವನಿಗೆ ಪಿಂಚಣಿಯ ಬಾಬತ್ತಿನಲ್ಲಿ ಒಂದು ಕಾಸೂ ಇಲ್ಲ. ಹದಿನೇಳಕ್ಕೂ ಇಲ್ಲ, ಎರಡಕ್ಕೂ ಇಲ್ಲ. ಹದಿನೆಂಟು ದಾಟಿದವರನ್ನು ಇಪ್ಪತ್ತರ ತನಕ ಉಳಿಸಿಕೊಳ್ಳಬೇಕೆಂಬ ರಕ್ಷಣೆ ಕಾನೂನಿನಲ್ಲಿ ಇದ್ದುದರಿಂದ, ಹದಿನಾಲ್ಕು, ಹದಿನೈದು, ಹದಿನಾರು ವರ್ಷ ಆದವರ ಮೇಲೆ ಕತ್ತಿ ಬೀಳುವುದು ಹೆಚ್ಚು. ಹೊಸ ಬದುಕು ಕಟ್ಟಲು ವಯಸ್ಸು ಮೀರಿದ, ಹಳೆಯದರ ಫಲ ಕೈಗೆ ಬಾರದ ವರ್ಷಗಳು ಅವು. ಬಿಡುಗಡೆಯ ಹೊತ್ತಿಗೆ ಒಂದಿಷ್ಟು ಪರಿಹಾರ ಕೊಡುತ್ತಿದ್ದರು, ಎಪ್ಪತ್ತರ ದಶಕದಲ್ಲಿ ಅದರ ಮಿತಿ 15,000 ಡಾಲರ್. ಮುಂದೆ ಹೇಗೋ ಪಿಂಚಣಿಗೆ ಅರ್ಹರಾದರೆ ಅದರ ಬಹುಪಾಲನ್ನು ಮುರಿದುಕೊಳ್ಳುತ್ತಿದ್ದರು.

ಇದರ ಜೊತೆಗೆ ಕಾನೂನು ಒಂದು ಹಿತ್ತಲ ಬಾಗಿಲನ್ನು ತೆರೆದಿಟ್ಟಿತ್ತು. ಅಧಿಕಾರಿಯಾಗುವ ಮೊದಲು ರೆಗ್ಯುಲರ್ ಸೇನೆಯಲ್ಲಿ ಸಿಪಾಯಿಯಾಗಿಯೋ ಸಾರ್ಜೆಂಟ್ ಆಗಿಯೋ ಇದ್ದವರು, ಬಿಡುಗಡೆಯಾದ ಆರು ತಿಂಗಳ ಒಳಗೆ ಅರ್ಜಿ ಹಾಕಿದರೆ, ಹಿಂದೆ ಇದ್ದ ದರ್ಜೆಯಲ್ಲಿ ಮರಳಿ ಸೇರಬಹುದು. ಅದು ಸೇನೆ ತೋರಿಸುವ ಕೃಪೆಯಲ್ಲ, ಅವರ ಹಕ್ಕು. ಅಧಿಕಾರಿಯಾಗಿ ಕಳೆದ ವರ್ಷಗಳೂ ಇಪ್ಪತ್ತರ ಎಣಿಕೆಗೆ ಸೇರುತ್ತವೆ.

ಹಾಗೆ ನಮ್ಮ ನೆರೆಮನೆಯ ಕ್ಯಾಪ್ಟನ್ ಮತ್ತೆ ಸ್ಟಾಫ್ ಸಾರ್ಜೆಂಟ್ ಆದರು. ಇನ್ನು ನಾಲ್ಕು ವರ್ಷ ಬಾಕಿ ಇತ್ತು.

ಆ ದಿನಗಳ ಬಗ್ಗೆ ಆತ ಹೇಳಿದ್ದಕ್ಕಿಂತ ಆಕೆ ಹೇಳಿದ್ದು ಹೆಚ್ಚು. ಒಂದು ಮಧ್ಯಾಹ್ನ ಕಪಾಟಿನಿಂದ ಹಳೆಯ ಹಸಿರು ಕೋಟನ್ನು ತೆಗೆದು ಮಂಚದ ಮೇಲೆ ಹಾಸಿ, ತೋಳನ್ನು ಬೆಳಕಿಗೆ ಹಿಡಿದು ತೋರಿಸಿದರು. ಆಗ ಅಧಿಕಾರಿಗಳ ಕೋಟಿನ ಮುಂಗೈ ಸುತ್ತ ಒಂದು ಕಪ್ಪು ಪಟ್ಟಿ ಇರುತ್ತಿತ್ತು, ಸಿಪಾಯಿಗಳ ಕೋಟಿಗೆ ಇರುತ್ತಿರಲಿಲ್ಲ. ಅಧಿಕಾರಿಗಳು ಕೋಟನ್ನು ಸ್ವಂತ ದುಡ್ಡಿನಲ್ಲಿ ಹೊಲಿಸಿಕೊಳ್ಳಬೇಕು. ಒಳ್ಳೆಯ ಬಟ್ಟೆ, ಸುಮ್ಮನೆ ಏಕೆ ಹಾಳಾಗಬೇಕು ಎಂದು ಆಕೆ ಅಡುಗೆಮನೆಯ ಮೇಜಿನ ಮೇಲೆ ಕೂತು ಆ ಕಪ್ಪು ಪಟ್ಟಿಯ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದರಂತೆ. ಹೆಗಲಿನಿಂದ ಕ್ಯಾಪ್ಟನ್ನನ ಜೋಡಿ ಬೆಳ್ಳಿ ಗೆರೆಗಳನ್ನು ತೆಗೆದು, ತೋಳಿನ ಮೇಲೆ ಸಾರ್ಜೆಂಟನ ಪಟ್ಟಿಗಳನ್ನು ಹೊಲಿದರಂತೆ. ಮುಂಗೈ ಸುತ್ತ ಸೂಜಿಯ ತೂತುಗಳ ಎರಡು ಸಾಲು ಈಗಲೂ ಕಾಣುತ್ತವೆ. ಬೆರಳಾಡಿಸಿದರೆ ತಾಗುತ್ತವೆ.

ಆದರೆ ಆಕೆ ನನಗೆ ತೋರಿಸಬೇಕೆಂದಿದ್ದು ಅದನ್ನಲ್ಲ, ಎಡತೋಳಿನ ಕೆಳಭಾಗದಲ್ಲಿ ಓರೆಯಾಗಿ ಹೊಲಿದ ಬಂಗಾರ ಬಣ್ಣದ ಸಣ್ಣ ಪಟ್ಟಿಗಳನ್ನು. ಮೂರು ವರ್ಷ ಸೇವೆಗೆ ಒಂದರಂತೆ ಸಿಪಾಯಿ ದರ್ಜೆಯವರು ಅವನ್ನು ಧರಿಸುತ್ತಾರೆ. ಅಧಿಕಾರಿಗಳು ಧರಿಸುವುದಿಲ್ಲ. ಕ್ಯಾಪ್ಟನ್ ಆಗಿದ್ದಾಗ ಆತನ ಕೋಟು ಆತ ಎಷ್ಟು ಕಾಲ ದುಡಿದಿದ್ದಾನೆ ಎಂಬುದನ್ನು ಹೇಳುತ್ತಲೇ ಇರಲಿಲ್ಲ. ಸಾರ್ಜೆಂಟ್ ಆದ ದಿನ ಐದು ಪಟ್ಟಿಗಳು ಒಮ್ಮೆಲೇ ಏರಿದವು. ಅಧಿಕಾರಿಯಾಗಿ ಕಳೆದ ವರ್ಷಗಳೂ ಅವುಗಳಲ್ಲಿ ಸೇರಿದ್ದವು. “ಅವರು ಕೊಟ್ಟದ್ದನ್ನು ಬಿಚ್ಚಿ ತೆಗೆದೆ, ಇವರು ದುಡಿದದ್ದನ್ನು ಹೊಲಿದೆ” ಎಂದರು ಆಕೆ. ನಾನು ಬಹಳ ಹೊತ್ತು ಆ ತೋಳನ್ನೇ ನೋಡುತ್ತಾ ಕೂತೆ.

ಅಧಿಕಾರಿಗಳ ವಸತಿಯಿಂದ ಮನೆ ಖಾಲಿ ಮಾಡಬೇಕಾಯಿತು. ಸಂಬಳ ಕುಸಿಯಿತು. ಮಕ್ಕಳ ಶಾಲೆ ಅದೇ, ಅಂಗಡಿ ಅದೇ, ಚರ್ಚೂ ಅದೇ. ಹಿಂದಿನ ವಾರ ಕಾಫಿಗೆ ಕರೆಯುತ್ತಿದ್ದ ಮೇಜರ್‌ಗಳ ಹೆಂಡತಿಯರು ತರಕಾರಿ ಸಾಲಿನಲ್ಲಿ ಎದುರಾದಾಗ ಏನು ಮಾತನಾಡಬೇಕೆಂದು ತಿಳಿಯದೆ ಹವಾಮಾನದ ಬಗ್ಗೆ ಮಾತನಾಡುತ್ತಿದ್ದರಂತೆ. ಆಕೆ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ರಾತ್ರಿ ಪಾಳಿಯ ಕೆಲಸ ಹಿಡಿದರು.

ಆತನಿಗೆ ಕೆಲಸದ ಜಾಗದಲ್ಲಿ ಆದ ಕಷ್ಟ ನಾವು ಊಹಿಸುವಂಥದಲ್ಲ. ಅವರ ತುಕಡಿಯ ಲೆಫ್ಟಿನೆಂಟ್ ಇಪ್ಪತ್ತಮೂರರ ಹುಡುಗ, ಯುದ್ಧವನ್ನು ಕಂಡವನಲ್ಲ. ಸಾರ್ಜೆಂಟನ ಎದೆಯ ಮೇಲೆ ಸಾಲುಸಾಲು ಯುದ್ಧದ ರಿಬ್ಬನ್‌ಗಳು. ಅವನು ಆದೇಶ ಕೊಡಲು ತಡವರಿಸುತ್ತಿದ್ದ, ಪ್ರತಿ ಮಾತಿಗೂ ಇವರ ಮುಖ ನೋಡುತ್ತಿದ್ದ. ಒಂದು ದಿನ ಇವರು ಅವನನ್ನು ಪಕ್ಕಕ್ಕೆ ಕರೆದು, ನಾನು ಹಿಂದೆ ಏನಾಗಿದ್ದೆ ಎಂಬುದನ್ನು ನೀವು ಮರೆಯದಿದ್ದರೆ ಈ ಮೂವತ್ತು ಹುಡುಗರಿಗೆ ನಾಯಕನೇ ಇಲ್ಲದಂತಾಗುತ್ತದೆ ಎಂದರಂತೆ. ತಮ್ಮ ಅಭಿಮಾನವನ್ನು ನುಂಗಿಕೊಳ್ಳುವುದಕ್ಕಿಂತ ಆ ಹುಡುಗನ ಸಂಕೋಚವನ್ನು ಬಿಡಿಸುವುದೇ ತಮಗೆ ಹೆಚ್ಚು ಕೆಲಸ ಕೊಟ್ಟಿತು ಎಂದು ಹೇಳುತ್ತಾರೆ. ನಾನು ಈ ಮಾತನ್ನು ನಂಬುತ್ತೇನೆ.

ನಮ್ಮವರಿಗೆ ಇದನ್ನು ಹೇಳುವಾಗ ಪಾಂಡವರ ಅಜ್ಞಾತವಾಸ ನೆನಪಾಗದೆ ಇರುವುದಿಲ್ಲ. ಹನ್ನೆರಡು ವರ್ಷ ಕಾಡಿನಲ್ಲಿ ಕಳೆದ ಮೇಲೆ ಹದಿಮೂರನೆಯದು ತಪ್ಪಿದರೆ ಎಲ್ಲವೂ ಮೊದಲಿನಿಂದ. ಆ ಒಂದು ವರ್ಷಕ್ಕಾಗಿ ಭೀಮ ವಿರಾಟನ ಅಡುಗೆಮನೆಯಲ್ಲಿ ಸೌಟು ಹಿಡಿದ, ಅರ್ಜುನ ಬೃಹನ್ನಳೆಯಾಗಿ ಕುಣಿತ ಕಲಿಸಿದ, ದ್ರೌಪದಿ ಸುದೇಷ್ಣೆಯ ತಲೆ ಬಾಚಿದಳು. ಗೊತ್ತುಪಡಿಸಿದ ಅವಧಿಯನ್ನು ತುಂಬಿಸುವುದಕ್ಕಾಗಿ ದೊಡ್ಡವರು ಸಣ್ಣ ಕೆಲಸಕ್ಕೆ ಇಳಿಯುವುದನ್ನು ನಾವು ಸೋಲು ಎಂದು ಓದಿಲ್ಲ, ಮಳೆಗಾಲ ಬಾರದಿದ್ದರೆ ಊರ ಜಗಲಿಯಲ್ಲಿ ಅದೇ ಪರ್ವವನ್ನು ಓದಿಸಿದ್ದೇವೆ. ಆದರೆ ಪಾಂಡವರಿಗೆ ಒಂದು ಅನುಕೂಲವಿತ್ತು: ವಿರಾಟನ ಊರಿನಲ್ಲಿ ಯಾರಿಗೂ ಅವರ ಗುರುತು ಇರಲಿಲ್ಲ. ಫೇಯೆಟ್‌ವಿಲ್‌ನ ಸಾರ್ಜೆಂಟನಿಗೆ ಮರೆಯಾಗುವ ದಾರಿಯೇ ಇರಲಿಲ್ಲ. ಎಲ್ಲರಿಗೂ ಎಲ್ಲವೂ ಗೊತ್ತಿದ್ದ ಊರಿನಲ್ಲಿ, ಹಗಲು ಬೆಳಕಿನಲ್ಲಿ, ನಾಲ್ಕು ವರ್ಷ ಆತ ಆ ಕೆಲಸ ಮಾಡಿದರು. ಚೆನ್ನಾಗಿ ಮಾಡಿದರು ಎಂಬುದಕ್ಕೆ ನಿವೃತ್ತಿಯ ಮೊದಲು ಸಿಕ್ಕ ಬಡ್ತಿಯೇ ಸಾಕ್ಷಿ.

ನಮ್ಮ ದೊಡ್ಡಪ್ಪನಿಗೂ ಆತನಿಗೂ ಒಂದೇ ವಯಸ್ಸು. 1962ರ ಚೀನಾ ಯುದ್ಧದ ಪೆಟ್ಟಿನ ಮೇಲೆ ಭಾರತ ಸರ್ಕಾರ ಎಮರ್ಜೆನ್ಸಿ ಕಮಿಷನ್ ಎಂದು ಸಾವಿರಾರು ಯುವಕರನ್ನು ಅಧಿಕಾರಿಗಳಾಗಿ ತೆಗೆದುಕೊಂಡಿತು. ಅವರ ತರಬೇತಿಗೆಂದೇ 1963ರಲ್ಲಿ ಪುಣೆ ಮತ್ತು ಮದ್ರಾಸಿನಲ್ಲಿ ಶಾಲೆಗಳು ತೆರೆದವು. ದೊಡ್ಡಪ್ಪ ಮದ್ರಾಸಿನ ಶಾಲೆಯಿಂದ ಲೆಫ್ಟಿನೆಂಟ್ ಆಗಿ, 1965ರ ಯುದ್ಧದಲ್ಲಿ ಪಂಜಾಬಿನಲ್ಲಿದ್ದು, ಅದಾಗಿ ಕೆಲವೇ ವರ್ಷಕ್ಕೆ ಬಿಡುಗಡೆಯಾದರು. ಒಂದಿಷ್ಟು ಗ್ರಾಚ್ಯುಟಿ ಸಿಕ್ಕಿತು. ಆಮೇಲೆ ಬ್ಯಾಂಕಿನಲ್ಲಿ ಗುಮಾಸ್ತರಾಗಿ ಸೇರಿ ಮ್ಯಾನೇಜರ್ ಆಗಿ ನಿವೃತ್ತರಾದರು. ನೆರೆಮನೆಯವರ ಕಥೆಯನ್ನು ಫೋನಿನಲ್ಲಿ ಅವರಿಗೆ ಹೇಳಿ, “ದೊಡ್ಡಪ್ಪ, ನಿಮಗೂ ಹೀಗೆ ಮರಳಿ ಸೇರಲು ಬಿಟ್ಟಿದ್ದರೆ ಹೋಗುತ್ತಿದ್ದಿರಾ?” ಎಂದು ಕೇಳಿದೆ.

“ಹವಾಲ್ದಾರ್ ಆಗಿಯೇ?” ಎಂದರು. ಸ್ವಲ್ಪ ತಡೆದು, “ನಾನು ಹೋಗುತ್ತಿದ್ದೆನಮ್ಮ. ಆದರೆ ಅಲ್ಲಿನ ಸಿಪಾಯಿಗಳು ನನ್ನನ್ನು ಹವಾಲ್ದಾರ್ ಆಗಲು ಬಿಡುತ್ತಿರಲಿಲ್ಲ. ಅವರ ಜೊತೆ ಪಂಕ್ತಿಯಲ್ಲಿ ಕೂತರೂ ಸಾಬ್ ಎಂದೇ ಕರೆಯುತ್ತಿದ್ದರು, ಎದ್ದು ನಿಲ್ಲುತ್ತಿದ್ದರು. ನಮ್ಮಲ್ಲಿ ಆ ಮೆಟ್ಟಿಲು ಮೇಲಕ್ಕೆ ಮಾತ್ರ ಇದೆ” ಎಂದರು.

ಅವರ ಮಾತು ನಿಜ. ಮೇಲಕ್ಕೆ ಹೋಗುವ ಮೆಟ್ಟಿಲು ನಮ್ಮ ಸೇನೆಯಲ್ಲೂ ಇದೆ. ಗಣರಾಜ್ಯೋತ್ಸವಕ್ಕೆ, ಸ್ವಾತಂತ್ರ್ಯ ದಿನಕ್ಕೆ, ಸೇವೆಯ ಕೊನೆಯ ಹಂತದಲ್ಲಿರುವ ಸುಬೇದಾರರಿಗೆ ಗೌರವ ಲೆಫ್ಟಿನೆಂಟ್, ಗೌರವ ಕ್ಯಾಪ್ಟನ್ ಪದವಿ ಕೊಡುತ್ತಾರೆ. ಕೊಡಗಿನಲ್ಲಿ, ಬೆಳಗಾವಿ ಸೀಮೆಯಲ್ಲಿ ಮನೆಯ ಮುಂದಿನ ಫಲಕದ ಮೇಲೆ ಆ ಪದವಿಯನ್ನು ಹೆಮ್ಮೆಯಿಂದ ಬರೆಸಿಕೊಂಡವರು ಎಷ್ಟೋ ಜನ. ಕೆಳಕ್ಕೆ ಮೆಟ್ಟಿಲು ಇಲ್ಲ. ಜವಾನನ ಪಿಂಚಣಿಗೆ 15 ವರ್ಷ ಬೇಕು, ಅಧಿಕಾರಿಗೆ 20. ಶಾರ್ಟ್ ಸರ್ವಿಸ್ ಕಮಿಷನ್ ಪಡೆದವರು ಹತ್ತು ವರ್ಷ, ಹೆಚ್ಚೆಂದರೆ ಹದಿನಾಲ್ಕು ವರ್ಷ ದುಡಿದು ಪಿಂಚಣಿಯಿಲ್ಲದೆ ಹೊರಬರುತ್ತಾರೆ. ಹದಿನಾಲ್ಕು ವರ್ಷ ಗಡಿ ಕಾದ ಮೇಜರ್ ಒಬ್ಬ, ಇನ್ನೊಂದು ವರ್ಷ ಹವಾಲ್ದಾರನಾಗಿ ದುಡಿದು ಜವಾನನ ಪಿಂಚಣಿಯನ್ನಾದರೂ ಪಡೆಯುತ್ತೇನೆ ಎಂದರೆ ಯಾವ ಕಚೇರಿಯೂ ಆ ಅರ್ಜಿಯನ್ನು ಮುಟ್ಟುವುದಿಲ್ಲ. ಮಹಿಳಾ ಅಧಿಕಾರಿಗಳು ಕಾಯಂ ಕಮಿಷನ್‌ಗಾಗಿ ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತಿ, 2020ರ ಫೆಬ್ರವರಿ 17ರಂದು ಸುಪ್ರೀಂ ಕೋರ್ಟಿನಲ್ಲಿ ಗೆದ್ದದ್ದರ ಹಿಂದೆ ಗೌರವದ ಪ್ರಶ್ನೆ ಇದ್ದಷ್ಟೇ ಈ ಇಪ್ಪತ್ತು ವರ್ಷದ ಪ್ರಶ್ನೆಯೂ ಇತ್ತು.

ಅಮೆರಿಕದಲ್ಲಿ ಅದು ಸಾಧ್ಯವಾದದ್ದಕ್ಕೆ ಕಾರಣ ಕಾನೂನು ಮಾತ್ರವಲ್ಲ. ಅಲ್ಲಿ ಸಾರ್ಜೆಂಟ್ ಎಂದರೆ ಬೇರೆ ಕುಲದವನಲ್ಲ. ಕ್ಯಾಪ್ಟನ್ನನ ಅಣ್ಣನೋ ತಮ್ಮನೋ ಸಾರ್ಜೆಂಟ್ ಆಗಿರುವುದು ಅಲ್ಲಿ ಸಾಮಾನ್ಯ ಸಂಗತಿ. ಬ್ರಿಟಿಷರು ತಮ್ಮ ಗೋರಾ ಅಧಿಕಾರಿಗೂ ನಮ್ಮ ಸಿಪಾಯಿಗೂ ನಡುವೆ ಎಬ್ಬಿಸಿದ ಗೋಡೆಯನ್ನು ನಾವು ಜತನದಿಂದ ಸುಣ್ಣ ಬಳಿದು ಉಳಿಸಿಕೊಂಡಿದ್ದೇವೆ. ಇದು ನನ್ನ ಗಟ್ಟಿ ಅಭಿಪ್ರಾಯ. ಸೇನೆಯಲ್ಲಿದ್ದವರು ಒಪ್ಪಲಿಕ್ಕಿಲ್ಲ, ದೊಡ್ಡಪ್ಪನೇ ಪೂರ್ತಿ ಒಪ್ಪುವುದಿಲ್ಲ.

ಹಾಗೆಂದು ಅಮೆರಿಕದ ವ್ಯವಸ್ಥೆ ಉದಾರವಾದದ್ದು ಎಂದು ನಾನು ಹೇಳಲಾರೆ. ಅಲ್ಲಿನ ಕಾನೂನಿನಲ್ಲಿ ಇನ್ನೊಂದು ಗೆರೆ ಇದೆ. ಅಧಿಕಾರಿ ದರ್ಜೆಯಲ್ಲಿ ನಿವೃತ್ತರಾಗಬೇಕಾದರೆ ಇಪ್ಪತ್ತರಲ್ಲಿ ಕನಿಷ್ಠ 10 ವರ್ಷ ಅಧಿಕಾರಿಯಾಗಿ ದುಡಿದಿರಬೇಕು. ಎಪ್ಪತ್ತರ ದಶಕದಲ್ಲಿ ಹತ್ತು ವರ್ಷ ತುಂಬಿದ್ದ ಎಷ್ಟೋ ಮಂದಿ ಸಾರ್ಜೆಂಟ್ ಆಗಿ ಉಳಿದ ಅವಧಿ ಮುಗಿಸಿ, ನಿವೃತ್ತಿಯ ದಿನ ಹಳೆಯ ಪದವಿಯಲ್ಲಿ, ಹಳೆಯ ಪದವಿಯ ಪಿಂಚಣಿಯೊಂದಿಗೆ ಹೊರಬಂದರು. ನಮ್ಮ ನೆರೆಮನೆಯವರು 1966ರಿಂದ 1975ರ ತನಕ ಅಧಿಕಾರಿಯಾಗಿದ್ದರು. ಹತ್ತು ತುಂಬಿರಲಿಲ್ಲ.

2014ರಲ್ಲಿ ಅದೇ ಗೆರೆ ಮತ್ತೆ ಸುದ್ದಿಯಾಯಿತು. ಇರಾಕ್, ಅಫ್ಘಾನಿಸ್ತಾನ ಯುದ್ಧಗಳು ಕಾವಿನಲ್ಲಿದ್ದಾಗ ಸೇನೆಗೆ ಅಧಿಕಾರಿಗಳು ಸಾಲದೆ ಅನುಭವಿ ಸಾರ್ಜೆಂಟ್‌ಗಳನ್ನು ಹುರಿದುಂಬಿಸಿ ಕಮಿಷನ್ ಕೊಟ್ಟಿದ್ದರು. ಯುದ್ಧ ತಣ್ಣಗಾಗುತ್ತಿದ್ದಂತೆ 5.6 ಲಕ್ಷದ ಆಸುಪಾಸಿನಲ್ಲಿದ್ದ ಸೇನೆಯನ್ನು 4.9 ಲಕ್ಷಕ್ಕೆ ಇಳಿಸಲು ಹೊರಟರು. ಆ ವರ್ಷ ಸಾವಿರಕ್ಕೂ ಹೆಚ್ಚು ಕ್ಯಾಪ್ಟನ್‌ಗಳಿಗೆ, ಐನೂರಕ್ಕೂ ಹೆಚ್ಚು ಮೇಜರ್‌ಗಳಿಗೆ ನೋಟಿಸ್ ಹೋಯಿತು. ಕೆಲವರಿಗೆ ಅದು ತಲುಪಿದ್ದು ಅಫ್ಘಾನಿಸ್ತಾನದಲ್ಲಿ ಕರ್ತವ್ಯದ ಮೇಲೆ ಇದ್ದಾಗಲೇ. ಸಿಪಾಯಿ ದರ್ಜೆಯಿಂದ ಮೇಲೆ ಬಂದವರ ಪಾಲು ಆ ಪಟ್ಟಿಯಲ್ಲಿ ಎದ್ದು ಕಾಣುತ್ತಿತ್ತು. ಹದಿನೆಂಟು ದಾಟಿದ್ದವರನ್ನು ಇಪ್ಪತ್ತರ ತನಕ ಇಟ್ಟುಕೊಂಡರು. ಆದರೆ ಅಧಿಕಾರಿಯಾಗಿ ಬೇಕಾದಷ್ಟು ವರ್ಷ ಆಗದವರಿಗೆ ಕಾನೂನು ಹೇಳಿದ್ದು ಇದು: ಕೊನೆಯ ದಿನದ ತನಕ ನೀವು ಕ್ಯಾಪ್ಟನ್, ಮರುದಿನದಿಂದ ನಿವೃತ್ತ ಸಾರ್ಜೆಂಟ್. ಪಿಂಚಣಿಯಲ್ಲಿ ತಿಂಗಳಿಗೆ ಸಾವಿರ ಡಾಲರಿನಷ್ಟು ಕಡಿತ.

ಆ ಸುದ್ದಿಯ ಪತ್ರಿಕೆಯನ್ನು ನೆರೆಮನೆಯವರು ಬೇಲಿಯ ಬಳಿ ನನ್ನ ಕೈಗಿಟ್ಟರು. ಅವರು ಸಿಟ್ಟಾದದ್ದನ್ನು ನಾನು ಕಂಡದ್ದು ಅಪರೂಪ, ಅಂದು ಕಂಡೆ. ನಾನು ಸಾರ್ಜೆಂಟನ ಕೆಲಸ ಮಾಡಿ ಸಾರ್ಜೆಂಟನ ಪಿಂಚಣಿ ಪಡೆದೆ, ಇವರು ಕ್ಯಾಪ್ಟನ್ನನ ಕೆಲಸ ಮಾಡಿ ಸಾರ್ಜೆಂಟನ ಪಿಂಚಣಿ ಪಡೆಯಬೇಕೇ ಎಂದರು. ಅಧಿಕಾರಿಗಳು ಬೇಕಾದಾಗ ಇವರ ಮನೆ ಬಾಗಿಲಿಗೆ ಬಂದವರು ಯಾರು, ಅದನ್ನಾದರೂ ಬರೆಯಬೇಕಿತ್ತು ಎಂದರು.

ಅವರ ಮಾತಿನಲ್ಲಿ ಇಡೀ ವಿಷಯದ ತಿರುಳು ಇದೆ ಎಂದು ನನಗೆ ಅನ್ನಿಸುತ್ತದೆ. ದರ್ಜೆ ಇಳಿದು ಕೆಲಸ ಮಾಡುವುದರಲ್ಲಿ ಆ ಜನ ಅವಮಾನ ಕಂಡಿಲ್ಲ. ಸಾರ್ಜೆಂಟನ ಕೆಲಸ ಅವರಿಗೆ ಗೊತ್ತಿತ್ತು, ಅದರ ಬಗ್ಗೆ ಮರ್ಯಾದೆಯೂ ಇತ್ತು. ಅವರನ್ನು ನೋಯಿಸಿದ್ದು ಲೆಕ್ಕ. ಹದಿನಾರು ವರ್ಷ ದುಡಿದರೂ ಸೊನ್ನೆ ಎನ್ನುವ ಲೆಕ್ಕ. ಒಂಬತ್ತು ವರ್ಷ ಅಧಿಕಾರಿಯಾಗಿದ್ದರೂ ಸೊನ್ನೆ ಎನ್ನುವ ಲೆಕ್ಕ. ಯುದ್ಧ ಬಂದಾಗ ಸಾರ್ಜೆಂಟ್‌ಗಳನ್ನು ಮೇಲೆತ್ತುವುದು, ಮುಗಿದಾಗ ಅವರನ್ನೇ ಮೊದಲು ಇಳಿಸುವುದು 1919ರಿಂದಲೂ ನಡೆದೇ ಇದೆ, ಎರಡನೆಯ ಮಹಾಯುದ್ಧದ ಮೇಲೂ ನಡೆಯಿತು, ಕೊರಿಯಾದ ಮೇಲೂ ನಡೆಯಿತು. ಒಮ್ಮೆ ನಡೆದರೆ ಕಣ್ತಪ್ಪು ಎನ್ನಬಹುದು. ನೂರು ವರ್ಷ ನಡೆದರೆ ಅದು ನೀತಿಯೇ.

2018ರ ಜನವರಿ 1ರಿಂದ ಅಮೆರಿಕ ಪಿಂಚಣಿಯ ನಿಯಮವನ್ನು ಬದಲಿಸಿದೆ. ಹೊಸದಾಗಿ ಸೇರುವವರ ಉಳಿತಾಯ ಖಾತೆಗೆ ಸರ್ಕಾರವೂ ಹಣ ಹಾಕುತ್ತದೆ. ಇಪ್ಪತ್ತಕ್ಕೆ ಮೊದಲು ಹೊರಟವರು ಆ ದುಡ್ಡನ್ನು ಕೊಂಡೊಯ್ಯಬಹುದು. ಇಪ್ಪತ್ತು ತುಂಬಿಸಿದವರ ಪಿಂಚಣಿ ವರ್ಷಕ್ಕೆ ಶೇಕಡಾ 2.5ರ ಬದಲು 2ರ ಲೆಕ್ಕಕ್ಕೆ ಇಳಿದಿದೆ. ತಡವಾಗಿಯಾದರೂ ಇದು ಸರಿಯಾದ ದಾರಿ ಎನ್ನುತ್ತೇನೆ, ಬರಿಗೈಯಲ್ಲಿ ಹೊರಡುವವರ ಸಂಖ್ಯೆಯನ್ನು ಇದು ಕಡಿಮೆ ಮಾಡುತ್ತದೆ. ನಾಲ್ಕು ವರ್ಷದ ಅಗ್ನಿವೀರರಿಗೆ ಒಂದು ಗಂಟು ಕೊಟ್ಟು, ಪಿಂಚಣಿಯಿಲ್ಲದೆ ಕಳುಹಿಸುವ ನಮ್ಮ ಸರ್ಕಾರ, ಉಳಿದು ಇಪ್ಪತ್ತು ಮುಟ್ಟದೆ ಹೋಗುವ ಅಧಿಕಾರಿಗಳ ಬಗ್ಗೆಯೂ ಹೀಗೆ ವರ್ಷಕ್ಕಿಷ್ಟು ಎಂಬ ಲೆಕ್ಕವನ್ನು ಏಕೆ ಮಾಡಬಾರದು?

ನೆರೆಮನೆಯವರಿಗೆ ಕಾನೂನು ಕೊನೆಗೂ ಒಂದು ನ್ಯಾಯ ಕೊಟ್ಟಿತು. ಸಿಪಾಯಿ ದರ್ಜೆಯಲ್ಲಿ ನಿವೃತ್ತರಾದವರ ಸೇವೆಯ ವರ್ಷಗಳೂ ನಿವೃತ್ತಿಯ ವರ್ಷಗಳೂ ಕೂಡಿ 30 ಆದಾಗ, ಸೇವೆಯಲ್ಲಿ ಅವರು ತೃಪ್ತಿಕರವಾಗಿ ನಿಭಾಯಿಸಿದ ಅತ್ಯುನ್ನತ ಪದವಿಗೆ ಅವರನ್ನು ಏರಿಸಬೇಕು ಎಂಬ ನಿಯಮವಿದೆ. 1959ರಲ್ಲಿ ಸೇರಿದ ಆತ 1979ರಲ್ಲಿ ಸಾರ್ಜೆಂಟ್ ದರ್ಜೆಯಲ್ಲಿ ನಿವೃತ್ತರಾಗಿ, 1989ರಲ್ಲಿ ನಲವತ್ತೆಂಟನೆಯ ವಯಸ್ಸಿಗೆ ಮತ್ತೆ ಕ್ಯಾಪ್ಟನ್ ಆದರು. ಹೊಸ ಗುರುತಿನ ಚೀಟಿ ಬಂತು, ಪಿಂಚಣಿ ಆ ತಿಂಗಳಿನಿಂದ ಏರಿತು. ಹಿಂದಿನ ಹತ್ತು ವರ್ಷಗಳ ವ್ಯತ್ಯಾಸವನ್ನು ಕೊಡುವ ನಿಯಮ ಇಲ್ಲ. ಮಕ್ಕಳಿಬ್ಬರ ಕಾಲೇಜು ಸರಿಯಾಗಿ ಆ ಹತ್ತು ವರ್ಷಗಳ ಒಳಗೆ ಬಿದ್ದಿತ್ತು.

ಪತ್ರಿಕೆಯಲ್ಲಿ ಆ ಸುದ್ದಿ ಬಂದ ವಾರ ಆಕೆ ಒಂದು ಕಡತವನ್ನು ಹಿಡಿದು ನಮ್ಮ ಮನೆಗೆ ಬಂದರು. ನಾನು ಲೆಕ್ಕಪತ್ರದ ಕೆಲಸದವಳು ಎಂಬುದು ಅವರಿಗೆ ಗೊತ್ತು. 1979ರಿಂದ 1989ರ ತನಕದ ಪಿಂಚಣಿ ಚೀಟಿಗಳನ್ನು ವರ್ಷವಾರು ಜೋಡಿಸಿ ತಂದಿದ್ದರು. ಕ್ಯಾಪ್ಟನ್ನನ ಪಿಂಚಣಿ ಸಿಕ್ಕಿದ್ದರೆ ತಮಗೆ ಎಷ್ಟು ಬರುತ್ತಿತ್ತು, ಬಂದದ್ದು ಎಷ್ಟು, ತಿಂಗಳು ತಿಂಗಳಿಗೆ ಬಿಡಿಸಿ ಬರೆದುಕೊಡು ಎಂದರು. ಸರ್ಕಾರದಿಂದ ಆ ದುಡ್ಡು ಬರುತ್ತದೆ ಎಂಬ ಆಸೆ ಅವರಿಗೆ ಇರಲಿಲ್ಲ. ಈಗ ನೋಟಿಸ್ ಪಡೆದ ಕ್ಯಾಪ್ಟನ್‌ಗಳ ಪರವಾಗಿ ತಮ್ಮ ಕ್ಷೇತ್ರದ ಸಂಸದರಿಗೆ ಪತ್ರ ಬರೆಯುವುದಿತ್ತು, ಹತ್ತು ವರ್ಷ ಎಂದರೆ ಒಂದು ಮನೆಗೆ ಎಷ್ಟಾಗುತ್ತದೆ ಎಂಬುದನ್ನು ಅವರು ಅಂಕಿಯಲ್ಲೇ ನೋಡಲಿ ಎಂಬುದು ಆಕೆಯ ಹಠ. ನಾವಿಬ್ಬರೂ ರಾತ್ರಿ ಊಟದ ಮೇಜಿನ ಮೇಲೆ ಕೂತು ಆ ಕೋಷ್ಟಕವನ್ನು ಮುಗಿಸಿದೆವು. ಪತ್ರದ ಕೊನೆಗೆ ಆಕೆ ತಮ್ಮ ಹೆಸರಿನ ಕೆಳಗೆ ಗಂಡನ ಎರಡೂ ಪದವಿಗಳನ್ನು ಬರೆಸಿದರು, ಸಾರ್ಜೆಂಟ್ ಮೊದಲು, ಕ್ಯಾಪ್ಟನ್ ಆಮೇಲೆ.